ಒಂದು ಸೆಕೆಂಡಿನ ಮಳೆ

ನನ್ನದೊಂದು ದೊಡ್ಡ ದೌರ್ಬಲ್ಯವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವುದರ ಪರಿಚಯವನ್ನೂ ನಾನು ಪೂರ್ತಿ ಓದಿದವನಲ್ಲ, ಕೇಳಿದವನಲ್ಲ. ಪುಸ್ತಕ ಕೊಂಡರೆ ಮುನ್ನುಡಿ ಹಾರಿಸುತ್ತೇನೆ. ಔಷಧ ತಂದರೆ ಅದರೊಳಗಿನ ಮಡಿಕೆ ಕಾಗದವನ್ನು ಮೊದಲು ಎಸೆಯುತ್ತೇನೆ. ಸಭೆಗೆ ಹೋದರೆ ಅತಿಥಿಗಳ ಪರಿಚಯ ಮುಗಿಯುವವರೆಗೆ ಹೊರಗೆ ನಿಂತು ಚಹಾ ಕುಡಿಯುತ್ತೇನೆ. ಒಮ್ಮೆ ಹೀಗೇ ತಡವಾಗಿ ಒಳಗೆ ಬಂದು, ವೇದಿಕೆಯ ಪಕ್ಕ ನಿಂತಿದ್ದ ಒಬ್ಬರನ್ನು ಪೆಂಡಾಲಿನವರೆಂದು ತಿಳಿದು, ‘ಆ ಫ್ಯಾನ್ ಸ್ವಲ್ಪ ಈ ಕಡೆ ತಿರುಗಿಸ್ರಿ’ ಎಂದಿದ್ದೆ. ಅವರು ಅಂದಿನ ಮುಖ್ಯ ಅತಿಥಿ. ಪಾಪ, ತಿರುಗಿಸಿದರು. ಇದರ ಜೊತೆಗೆ ನನ್ನ ಬಾಯಲ್ಲಿ ಇನ್ನೊಂದು ಚಟವೂ ಇದೆ. ಯಾರು ಕರೆದರೂ ‘ಒಂದ್ ಸೆಕೆಂಡ್, ಬಂದೆ’ ಎನ್ನುತ್ತೇನೆ. ಈ ಎರಡು ದೌರ್ಬಲ್ಯಗಳೂ ಮೂವತ್ತು ವರ್ಷ ಬೇರೆ ಬೇರೆ ದಾರಿಯಲ್ಲಿ ನಡೆದು, ಹೋದ ಬೇಸಿಗೆಯ ಒಂದು ಭಾನುವಾರ ನಮ್ಮ ಮನೆಯ ಮಾಳಿಗೆಯ ಮೇಲೆ ಒಂದನ್ನೊಂದು ಭೇಟಿಯಾದವು. ಅದರ ಕಥೆ ಇದು.

ಧಾರವಾಡದ ಒಂದು ಕಚೇರಿಯಲ್ಲಿ ಮಳೆಯ ಅಂಕಿ ಬರೆಯುವುದು ನನ್ನ ಉದ್ಯೋಗ. ಅಂಗಳದಲ್ಲಿ ಒಂದು ಮಳೆ ಮಾಪಕ, ಅದಕ್ಕೊಂದು ಅಳತೆಯ ಗಾಜು, ಪಕ್ಕದಲ್ಲಿ ನಾನು ಮತ್ತು ನನ್ನ ರಿಜಿಸ್ಟರು. ಮಳೆ ಬಂದರೆ ಇಷ್ಟು ಮಿಲಿಮೀಟರು, ಬರದಿದ್ದರೆ ಸೊನ್ನೆ. ಇದಕ್ಕಿಂತ ಪ್ರಾಮಾಣಿಕವಾದ ಲೆಕ್ಕ ಜಗತ್ತಿನಲ್ಲಿ ಇಲ್ಲವೆಂದೇ ನಂಬಿದ್ದೆ. ಹೀಗಿರುವಾಗ ನಮ್ಮಲ್ಲಿಗೆ ಹೊಸದಾಗಿ ಒಬ್ಬ ವಿಜ್ಞಾನಿ ಮೇಡಂ ಬಂದರು. ಬೆಳಗಾವಿ ಕಡೆಯ ಹುಡುಗಿ, ನನ್ನ ಮಗಳ ವಯಸ್ಸು, ಮೊದಲ ದಿನದಿಂದಲೇ ನನ್ನನ್ನು ‘ಕಾಕಾ’ ಎಂದು ಕರೆದು ಬಾಯಿ ಕಟ್ಟಿಹಾಕಿದರು. ‘ಕಾಕಾ, ಪ್ರಾದೇಶಿಕ ಹವಾಮಾನ ಮಾದರಿಯ ಫೈಲು ಬಂದಾವ್ರಿ. ಮಾದರಿ ಅಂದ್ರ ಕಂಪ್ಯೂಟರಿನ್ಯಾಗ ಗಾಳಿ, ಮಳಿ, ಬಿಸಿಲು ಎಲ್ಲಾ ಲೆಕ್ಕ ಹಾಕಿ ಓಡಿಸೋದು. ಅದ್ರಾಗ ಯಾವ ಫೈಲಿನ್ಯಾಗ ಏನೈತಿ ಅನ್ನೋದು ಕನ್ನಡದಾಗ ಒಂದು ಪಟ್ಟಿ ಮಾಡಿ ಕೊಡ್ರಿ. ನಿಮ್ಮ ಕನ್ನಡ ಛಲೋ ಐತಿ’ ಎಂದರು. ಕನ್ನಡ ಛಲೋ ಇದೆ ಎಂದರೆ ಧಾರವಾಡದವನು ಏನನ್ನು ತಾನೇ ಒಪ್ಪಿಕೊಳ್ಳುವುದಿಲ್ಲ? ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ಫೈಲನ್ನು ಸಾದಾ ರೀತಿಯಲ್ಲಿ ತೆರೆದರೆ ಪರದೆಯ ತುಂಬ ಚೌಕ, ಬಾಲ, ಕೊಂಬು. ಯಾರೋ ಕೀಲಿಮಣೆಯ ಮೇಲೆ ಅವಲಕ್ಕಿ ಚೆಲ್ಲಿದ ಹಾಗಿತ್ತು. ಮೇಡಂಗೆ ಫೋನು ಮಾಡಿದೆ. ಅದು ನೆಟ್‌ಸಿಡಿಎಫ್ ಎಂಬ ಬಗೆಯ ಫೈಲಂತೆ, ಹಾಗೆ ತೆರೆಯಬಾರದಂತೆ, ಅದಕ್ಕೆ ಬೇರೆ ತಂತ್ರಾಂಶ ಬೇಕಂತೆ. ‘ಭಾಳ ಶಾಣ್ಯಾ ಫೈಲ್ ಅದು ಕಾಕಾ. ತಲಿಮ್ಯಾಲೆ ತನ್ನ ಪರಿಚಯ ತಾನ ಬರ್ಕೊಂಡಿರ್ತೈತಿ. ತಾ ಯಾರು, ಯಾವ ಅಳತಿ, ಯಾವ ಪಂಚಾಂಗ, ಎಲ್ಲಾ. ಮೊದಲ ಅದನ್ನ ಓದ್ರಿ’ ಎಂದರು. ಪರಿಚಯ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನ ಮನಸ್ಸು ಚಹಾ ಕುಡಿಯಲು ಹೊರಗೆ ಹೋಯಿತು. ಅಂಕಿಗಳನ್ನು ಮಾತ್ರ ಎಕ್ಸೆಲ್‌ಗೆ ಇಳಿಸಿಕೊಂಡು, ತಲೆಬರಹವನ್ನೆಲ್ಲ ಬಿಟ್ಟುಬಿಟ್ಟೆ.

ಆಮೇಲೆ ಶುರುವಾಯಿತು ನೋಡಿ ಗೊಂದಲ. ‘ಪಿಆರ್’ ಎಂದರೆ ಮಳೆ, ‘ಟಿಎಎಸ್’ ಎಂದರೆ ನೆಲದ ಹತ್ತಿರದ ಗಾಳಿಯ ಉಷ್ಣತೆ. ಅಷ್ಟರಮಟ್ಟಿಗೆ ಸರಿ. ಆದರೆ ಧಾರವಾಡದ ಉಷ್ಣತೆ ಮುನ್ನೂರಾ ಎರಡು ಎಂದು ತೋರಿಸುತ್ತಿತ್ತು. ಕೆಲ್ವಿನ್ ಎಂಬ ಬೇರೆ ಅಳತೆ ಅದು ಎಂದು ಗೊತ್ತಾಗುವಷ್ಟರಲ್ಲಿ ನಾನು ಮಾರ್ಕೆಟ್ಟಿನಲ್ಲಿ ನಾಲ್ಕು ಜನಕ್ಕೆ ಹೇಳಿಯಾಗಿತ್ತು. ಗಾಳಿಯ ತೇವಕ್ಕೆ ಎರಡು ಹೆಸರು. ನಮ್ಮ ಓಣಿಯ ಅವಳಿ ಹುಡುಗಿಯರಂತೆ ಇದನ್ನು ಕರೆದರೆ ಅದು ಓಗೊಡುತ್ತದೆ. ‘ಪಿಎಸ್‌ಎಲ್’ ಎಂದರೆ ಧಾರವಾಡ ಸಮುದ್ರದ ಮಟ್ಟದಲ್ಲಿ ಇದ್ದಿದ್ದರೆ ಗಾಳಿಯ ಒತ್ತಡ ಎಷ್ಟಿರುತ್ತಿತ್ತು ಎಂಬುದು. ಧಾರವಾಡ ಅಲ್ಲಿ ಇಲ್ಲವಲ್ಲ, ಮತ್ತೇಕೆ ಈ ಚಿಂತೆ? ಗಾಳಿಯ ವೇಗದ ಅಂಕಿಗಳ ಎಡಕ್ಕೆ ಅಲ್ಲಲ್ಲಿ ಅಡ್ಡಗೆರೆ ಇದ್ದವು. ಟೈಪು ಮಾಡಿದವರ ತಪ್ಪೆಂದು ತಿಳಿದು ಒಂದು ಮಧ್ಯಾಹ್ನ ಕೂತು ಎಲ್ಲವನ್ನೂ ಅಳಿಸಿದೆ. ಅವು ಋಣ ಚಿಹ್ನೆಗಳಂತೆ, ಗಾಳಿ ಉಲ್ಟಾ ದಿಕ್ಕಿಗೆ ಬೀಸುತ್ತಿದೆ ಎಂದು ಅರ್ಥವಂತೆ. ಹೀಗಾಗಿ ನನ್ನ ಪಟ್ಟಿಯಲ್ಲಿ ವರ್ಷವಿಡೀ ಗಾಳಿ ಒಂದೇ ಕಡೆಗೆ ಬೀಸಿತು.

ಇದೆಲ್ಲಕ್ಕಿಂತ ಮನೆಯಲ್ಲಿ ಜಗಳ ತಂದಿದ್ದು ಚೌಕ. ಈ ಮಾದರಿ ದೇಶವನ್ನೆಲ್ಲ ಚೌಕ ಚೌಕ ಮಾಡಿ, ಒಂದೊಂದು ಚೌಕಕ್ಕೆ ಒಂದೊಂದೇ ಅಂಕಿ ಕೊಡುತ್ತದೆ. ನಮ್ಮ ಚೌಕದಲ್ಲಿ ಹುಬ್ಬಳ್ಳಿ, ಧಾರವಾಡ, ಗರಗ ಮೂರೂ ಕೂತಿದ್ದವು. ನನ್ನ ಹೆಂಡತಿ ಶಕುಂತಲಾ ಹುಬ್ಬಳ್ಳಿ ಕೇಶ್ವಾಪುರದವಳು. ಮದುವೆಯಾದಾಗಿನಿಂದ ನಾನು ಧಾರವಾಡದ ತಂಪು ಹೊಗಳುವುದು, ಅವಳು ‘ನಿಮ್ಮ ಊರಾಗ ಒಣಾ ಹಾಕಿದ ಅರಿವಿ ಒಣಗೂದಿಲ್ಲ’ ಎನ್ನುವುದು ನಡೆದುಕೊಂಡು ಬಂದಿದೆ. ಎರಡೂ ಊರಿಗೆ ಒಂದೇ ಮಳೆ, ಒಂದೇ ಬಿಸಿಲು ಎಂದು ವಿಜ್ಞಾನ ಹೇಳಿದಾಗ ಇಬ್ಬರಿಗೂ ಸಮನಾಗಿ ಸಿಟ್ಟು ಬಂತು. ದಾಂಪತ್ಯದಲ್ಲಿ ನಾವು ಒಮ್ಮತಕ್ಕೆ ಬಂದ ಕೆಲವೇ ವಿಷಯಗಳಲ್ಲಿ ಇದೂ ಒಂದು.

ಆದರೂ ಅವಳಿಗೆ ಆ ಲ್ಯಾಪ್‌ಟಾಪಿನ ಮೇಲೆ ಒಂದು ಬಗೆಯ ಗೌರವ ಹುಟ್ಟಿತ್ತು. ಕಾರಣ ಶಾವಿಗೆ. ಅವಳ ಅಣ್ಣನ ಮಗಳ ಮದುವೆ ಹತ್ತಿರ ಬಂದಿತ್ತು. ನಮ್ಮ ಕಡೆ ಮದುವೆಯಲ್ಲಿ ರುಖವತ ಎಂದು ಇಡುತ್ತಾರೆ. ಹೆಣ್ಣಿನ ಕಡೆಯವರು ಕೈಯಾರೆ ಮಾಡಿದ ತಿಂಡಿ ತಿನಿಸು, ಹಪ್ಪಳ, ಸಂಡಿಗೆ, ಗೊಂಬೆಗಳನ್ನು ಮೇಜಿನ ಮೇಲೆ ಜೋಡಿಸಿಟ್ಟರೆ, ಬೀಗರ ಕಡೆಯ ಹೆಂಗಸರು ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ಪರೀಕ್ಷಿಸುತ್ತಾರೆ. ಆ ಮೇಜಿನ ನಡುವೆ ಇಡುವ ಶಾವಿಗೆ ಶಕುಂತಲಾಳದೇ ಆಗಬೇಕೆಂದು ಅವಳ ವೈನಿ, ಅಂದರೆ ಆ ಅಣ್ಣನ ಹೆಂಡತಿ, ತಾವಾಗಿ ಕೇಳಿದ್ದರು. ಈ ವೈನಿ ಇಪ್ಪತ್ತೆಂಟು ವರ್ಷದಲ್ಲಿ ಅವಳ ಅಡಿಗೆಯನ್ನು ಒಂದು ಸಲವೂ ಹೊಗಳಿದವರಲ್ಲ. ಹಾಗಾಗಿ ಕೇಳಿದ್ದೇ ಒಂದು ಪ್ರಶಸ್ತಿ. ಯಂತ್ರದ ಶಾವಿಗೆ ಬೇಡ, ಮಣೆಯ ಮೇಲೆ ಕೈಯಿಂದ ಎಳೆದ ನೂಲಿನಂಥ ಶಾವಿಗೆಯೇ ಬೇಕು ಎಂದು ಶಕುಂತಲಾ ಹಟ ಹಿಡಿದದ್ದರಿಂದ, ಗರಗದಿಂದ ನೀಲವ್ವನನ್ನು ಕರೆಸುವುದೆಂದಾಯಿತು. ನೀಲವ್ವನ ಕೈಯೆಂದರೆ ಕೈ. ಹಿಟ್ಟು ಅವಳ ಮಾತು ಕೇಳುತ್ತದೆ.

‘ಏನ್ರೀ, ನಿಮ್ಮ ಕಂಪ್ಯೂಟರಿನ್ಯಾಗ ಮಳಿ ಎಲ್ಲಾ ಅದ ಅಂತೀರಿ. ಬರೋ ಐತವಾರ ಮಳಿ ಬರ್ತದೋ ಇಲ್ಲೋ ನೋಡಿ ಹೇಳ್ರಿ. ದಿನಾ ಮಧ್ಯಾಹ್ನ ಮಾಡ ಕಟ್ಟಲಿಕ್ಹತ್ತದ. ಶಾವಿಗಿ ಒಂದು ಹನಿ ನೀರು ತಡ್ಯೂದಿಲ್ಲ ನೋಡ್ರಿ’ ಎಂದಳು.

ಇಪ್ಪತ್ತೆಂಟು ವರ್ಷದಲ್ಲಿ ನನ್ನ ಉದ್ಯೋಗದಿಂದ ಮನೆಗೆ ಏನಾದರೂ ಉಪಯೋಗವಿದೆ ಎಂದು ಅವಳು ಒಪ್ಪಿದ್ದು ಅದೇ ಮೊದಲು. ನಾನು ಗಂಭೀರವಾಗಿ ಕನ್ನಡಕ ಏರಿಸಿದೆ. ಫೈಲಿನಲ್ಲಿ ತಾರೀಖು ಎಂಬುದು ಇರಲಿಲ್ಲ. ಎಪ್ಪತ್ತೈದು ವರ್ಷದ ಹಿಂದಿನ ಒಂದು ಡಿಸೆಂಬರ್ ಒಂದರಿಂದ ಇದು ಎಷ್ಟನೆಯ ದಿನ ಎಂಬ ಸಂಖ್ಯೆ ಮಾತ್ರ ಇತ್ತು; ಇಷ್ಟನ್ನು ಮೇಡಂ ಫೋನಿನಲ್ಲೇ ಹೇಳಿದ್ದರು. ಅಲ್ಲಿಂದ ಬರುವ ಭಾನುವಾರದವರೆಗೆ, ಅಧಿಕ ವರ್ಷಗಳನ್ನೂ ಬಿಡದೆ ಸೇರಿಸಿ, ಬೆರಳು ಮಡಚಿ, ಕ್ಯಾಲೆಂಡರಿನ ಹಿಂಬದಿ ತುಂಬ ಬರೆದು, ಇಪ್ಪತ್ತೇಳು ಸಾವಿರ ಚಿಲ್ಲರೆ ದಿನ ಎಣಿಸಿದೆ. ಆ ದಿನದ ಎದುರಿಗೆ ನಮ್ಮ ಚೌಕದ ಮಳೆ ಹೀಗಿತ್ತು: ಸೊನ್ನೆ ಬಿಂದು ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ ಐದು. ನನ್ನ ಮಳೆ ಮಾಪಕದ ಗಾಜಿನಲ್ಲಿ ಅಷ್ಟು ನೀರು ಕಾಣಬೇಕಾದರೆ ನೊಣ ಬೆವರಬೇಕು. ‘ಸೊನ್ನಿ! ಬಿಂದಾಸ್ ಮಾಡು’ ಎಂದೆ.

ಭಾನುವಾರ ಬೆಳಿಗ್ಗೆ ನೀಲವ್ವ ಬಂದಳು. ಅವಳೂ ಶಕುಂತಲಾಳೂ ಸೇರಿ ಮಾಳಿಗೆಯ ನೆರಳಲ್ಲಿ ಮಣೆ ಹಾಕಿ, ಎಳೆ ಎಳೆದು, ಕೋಲುಗಳ ಮೇಲೆ ಹರವಿ ಬಿಸಿಲಿಗೆ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಮಾಳಿಗೆಯ ತುಂಬ ಬಂಗಾರದ ಬಣ್ಣದ ಎಳೆಗಳು. ನಾನೂ ಒಮ್ಮೆ ಹತ್ತಿ ಹೋಗಿ ನೋಡಿ ಬಂದೆ. ನೀಲವ್ವ ಆಕಾಶದ ಕಡೆ ನೋಡಿ, ‘ಅಪ್ಪಾರ, ಆ ಕಡಿ ಕರ್ರಗ ಆಗೇತಿ ನೋಡ್ರಿ’ ಎಂದಳು. ನಾನು ನಕ್ಕು, ಇದು ಬರೀ ಕಣ್ಣಿನ ನೋಟವೆಂದೂ ನಮ್ಮದು ಎಪ್ಪತ್ತೈದು ವರ್ಷದ ಲೆಕ್ಕವೆಂದೂ ತಿಳಿಸಿ ಕೆಳಗೆ ಬಂದು ಪಟ್ಟಿಯ ಮುಂದೆ ಕೂತೆ. ಆಗ ನಾನು ಮಣ್ಣಿನ ತೇವದ ಫೈಲಿನಲ್ಲಿ ಸಿಕ್ಕಿಬಿದ್ದಿದ್ದೆ. ಅರಬ್ಬಿ ಸಮುದ್ರದ ಮೇಲೆಲ್ಲ ಒಂದರ ಮುಂದೆ ಇಪ್ಪತ್ತು ಸೊನ್ನೆ ಇದ್ದವು. ಸಮುದ್ರವಲ್ಲವೇ, ತೇವ ಹೆಚ್ಚೇ ಇರುತ್ತದೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಅಲ್ಲಿ ಮಣ್ಣೇ ಇಲ್ಲ, ಅಂಕಿಯೂ ಇಲ್ಲ ಎಂಬುದರ ಗುರುತು ಅದು ಎಂದು ಆಮೇಲೆ ತಿಳಿಯಿತು.

‘ಏನ್ರೀ! ಲಗೂ ಮ್ಯಾಲೆ ಬರ್ರಿ! ಹನಿ ಬೀಳ್ಲಿಕ್ಹತ್ತಾವ!’ ಎಂದು ಶಕುಂತಲಾ ಕೂಗಿದಳು.

‘ಒಂದ್ ಸೆಕೆಂಡ್, ಬಂದೆ’ ಎಂದೆ. ಪರದೆಯ ಮೇಲೆ ಸೊನ್ನೆ ಇದ್ದ ಮೇಲೆ ಹನಿ ಹೇಗೆ ಬಿದ್ದಾವು ಎಂದು ನಿಜವಾಗಿಯೂ ಅನ್ನಿಸಿತು. ಅವಳು ಇನ್ನೊಮ್ಮೆ ಕೂಗಿದಳು. ನಾನು ಇನ್ನೊಂದು ಸೆಕೆಂಡ್ ಕೇಳಿದೆ. ಹತ್ತಿ ಹೋಗುವಷ್ಟರಲ್ಲಿ ಗಾಳಿ, ಗುಡುಗು, ಆಣೆಕಲ್ಲು ಎಲ್ಲವೂ ನನಗಿಂತ ಮೊದಲು ಬಂದಿದ್ದವು. ಇಬ್ಬರು ಹೆಂಗಸರು ನಾಲ್ಕು ಕೈಯಲ್ಲಿ ಎಷ್ಟು ಕೋಲು ಹಿಡಿದಾರು? ಮೂರು ಕೋಲು ಉಳಿದವು. ಮಿಕ್ಕ ಶಾವಿಗೆಯೆಲ್ಲ ಒಂದಕ್ಕೊಂದು ಅಂಟಿ ಹಿಟ್ಟಿನ ಮುದ್ದೆಯಾಗಿತ್ತು. ಶಕುಂತಲಾ ತೊಯ್ದ ಸೆರಗಿನಲ್ಲೇ ಕೂತು ಒಂದು ಎಳೆಯನ್ನು ಬಿಡಿಸಲು ನೋಡಿ, ಅದು ತುಂಡಾದ ಮೇಲೆ ಕೆಳಗಿಟ್ಟಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಆ ಹೊತ್ತಿಗೆ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಸೋಮವಾರ ಮೇಡಂ ಮುಂದೆ ಮಾದರಿಯ ಮೇಲೆ ದೂರು ಹೇಳಿದೆ. ಅವರು ಫೈಲಿನ ಪರಿಚಯವನ್ನು ತೆರೆದು ತೋರಿಸಿದರು. ಮಳೆಯನ್ನು ಅಲ್ಲಿ ಮಿಲಿಮೀಟರಿನಲ್ಲಿ ಅಳೆಯುವುದಿಲ್ಲವಂತೆ. ಒಂದು ಚದರ ಮೀಟರಿನ ಮೇಲೆ ಒಂದು ಸೆಕೆಂಡಿಗೆ ಎಷ್ಟು ಕಿಲೋ ನೀರು ಬಿತ್ತು ಎಂದು ಬಟಾಟೆಯ ಹಾಗೆ ತೂಗುತ್ತಾರಂತೆ; ಅಲ್ಲಿಯ ಒಂದು ಕಿಲೋ ಎಂದರೆ ನಮ್ಮ ಒಂದು ಮಿಲಿಮೀಟರಂತೆ. ‘ಅದು ಒಂದ ಸೆಕೆಂಡಿಂದು ಕಾಕಾ. ದಿನದ್ದು ಬೇಕಂದ್ರ ದಿನಕ್ಕ ಎಷ್ಟು ಸೆಕೆಂಡ್ ಅದಾವೋ ಅಷ್ಟರಿಂದ, ಅಂದ್ರ ಎಂಬತ್ತಾರು ಸಾವಿರದ ನಾಕನೂರರಿಂದ ಗುಣಿಸಬೇಕ್ರಿ.’ ಗುಣಿಸಿದೆ. ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಬಂತು! ‘ಹಂಗಾರ ಐತವಾರದ ಮಳಿ ಅದಕ್ಕ ಖರೇನ ಗೊತ್ತಿತ್ತು!’ ಎಂದು ಕುಣಿದಾಡಿಬಿಟ್ಟೆ. ಮೇಡಂ ತಲೆಯ ಮೇಲೆ ಕೈ ಇಟ್ಟುಕೊಂಡರು. ‘ಇಲ್ರಿ ಕಾಕಾ. ಈ ಮಾದರಿಗೆ ತಿಂಗಳಿಗೆ ಮೂವತ್ತ ದಿನ, ವರ್ಷಕ್ಕ ಮುನ್ನೂರಾ ಅರವತ್ತ ದಿನ. ನೀವು ನಮ್ಮ ಪಂಚಾಂಗದ್ಲೆ ಎಣಿಸೀರಿ. ನೀವು ನೋಡಿದ್ದು ಬರೋ ವರ್ಷದ ಜೂನ್ ತಿಂಗಳು!’ ಅಲ್ಲಿ ಫೆಬ್ರುವರಿಗೂ ಮೂವತ್ತು ದಿನ, ಮೂವತ್ತೊಂದನೆಯ ತಾರೀಖು ಎಂಬುದೇ ಇಲ್ಲ. ಬರುವ ಮೂವತ್ತೊಂದಕ್ಕೆ ನಿವೃತ್ತಿಯಾಗಬೇಕಾದ ನನ್ನಂಥವನ ಗತಿ ಏನು ಎಂದು ಒಂದು ಕ್ಷಣ ಗಾಬರಿಯಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ‘ಮತ್ತ ಇದು ನಾಳಿ ಮಳಿ ಬರ್ತೈತೋ ಇಲ್ಲೋ ಹೇಳೋದಲ್ರಿ. ಮೂವತ್ತು ವರ್ಷದಾಗ ಈ ಕಡಿ ಹವಾದ ನಡತಿ ಹೆಂಗ ಬದಲಾಗ್ತೈತಿ ಅನ್ನೋದು ಹೇಳ್ತೈತಿ. ಒಂದು ದಿನ ಹಿಡ್ಕೊಂಡು ಕೇಳಿದ್ರ ಅದಕ್ಕೇನು ಗೊತ್ತು?’

ಅಂದರೆ ತಪ್ಪು ವರ್ಷದ ತಪ್ಪು ತಿಂಗಳನ್ನು, ತಪ್ಪು ಅಳತೆಯಲ್ಲಿ, ಉತ್ತರ ಗೊತ್ತಿಲ್ಲದವರ ಹತ್ತಿರ ಕೇಳಿದ್ದೆ. ಸರಿಯಾಗಿ ಗುಣಿಸಿದ್ದರೆ ಶಾವಿಗೆ ಉಳಿಯುತ್ತಿತ್ತು, ಆದರೆ ಅದೂ ತಪ್ಪಾಗಿಯೇ ಉಳಿಯುತ್ತಿತ್ತು. ಇದನ್ನು ಯೋಚಿಸಿದಷ್ಟೂ ನನಗೆ ತಲೆ ತಿರುಗುತ್ತದೆ, ನೀವೂ ಬಿಟ್ಟುಬಿಡಿ.

ಆ ವಾರದಲ್ಲೇ ನೀಲವ್ವ ಇನ್ನೊಮ್ಮೆ ಬಂದಳು. ನಾನು ರಜೆ ಹಾಕಿ ಇಡೀ ದಿನ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು ಆಕಾಶ ನೋಡುತ್ತ ಕಾವಲು ಕೂತೆ. ಶಾವಿಗೆ ಕೇಶ್ವಾಪುರ ತಲುಪಿತು, ರುಖವತದ ನಡುವೆ ಕೂತಿತು. ಬೀಗರ ಕಡೆಯ ಅಜ್ಜಿಯೊಬ್ಬರು ಒಂದು ಎಳೆಯನ್ನು ಬೆಳಕಿಗೆ ಹಿಡಿದು ‘ಕೈ ಯಾರದು?’ ಎಂದು ಕೇಳಿದರಂತೆ. ವೈನಿ ಮೊದಲ ಸಲ ಶಕುಂತಲಾಳ ಹೆಸರನ್ನು ಜೋರಾಗಿ ಹೇಳಿದರಂತೆ. ಮುದ್ದೆಯಾದ ಮೊದಲಿನ ಶಾವಿಗೆ ಒಣಗಿ ಕಲ್ಲಾಗಿತ್ತು. ಅದನ್ನು ಕುಟ್ಟಿ ಮಾಡಿದ ಉಪ್ಪಿಟ್ಟನ್ನು ಹದಿನೈದು ದಿನ ನಾನೊಬ್ಬನೇ ತಿಂದೆ.

ಅಂಥ ಒಂದು ಬೆಳಿಗ್ಗೆ, ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು, ಅವಳ ಮುಖ ತಿಳಿಯಾಗಿದ್ದುದನ್ನು ನೋಡಿ ನನ್ನ ಸಮರ್ಥನೆಗೆ ಶುರುಮಾಡಿದೆ. ‘ತಪ್ಪು ನಂದಲ್ಲ ಶಕ್ಕೂ. ಅವರು ಒಂದು ಸೆಕೆಂಡಿನ ಲೆಕ್ಕಾ ಕೊಟ್ಟಿದ್ರು. ಅದನ್ನ ಎಂಬತ್ತಾರು ಸಾವಿರದ ನಾಕನೂರರಿಂದ ಗುಣಿಸಬೇಕು ಅಂತ ಯಾರಿಗೆ ಗೊತ್ತಿರ್ತದ ಹೇಳು?’

ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಬಡಿಸಿದಳು. ‘ನನಗ ಗೊತ್ತದ. ಇಪ್ಪತ್ತೆಂಟು ವರ್ಷದಿಂದ ನೀವು ಒಂದ್ ಸೆಕೆಂಡ್ ಬಂದೆ ಅಂದಾಗೊಮ್ಮೆ ನಾ ಅಷ್ಟರಿಂದನ ಗುಣಿಸ್ಕೋತ ಬಂದೇನಿ’ ಎಂದು ಹೇಳಿ ಒಳಗೆ ಹೋದಳು.