ಎಂಟು ಮೊಳದ ಮನೆ, ಹದಿನಾರು ಮೊಳದ ಮಡಿ

೧೯೧೧ನೆಯ ಇಸವಿಯಲ್ಲಿ ನನಗೆ ಮೂವತ್ತೆರಡು ವರುಷ. ಇಳಕಲ್ಲಿನ ಒಂದು ಸಾಲೆಯಲ್ಲಿ ಮಾಸ್ತರನಾಗಿದ್ದೆ. ಯಾವುದೇ ತೊಡಕನ್ನು ಕ್ರಮಬದ್ಧವಾಗಿ ಬರೆದು ಗೋಡೆಗೆ ಅಂಟಿಸಿದರೆ ಅದು ತಾನಾಗಿ ಬಗೆಹರಿಯುತ್ತದೆಂದು ಆ ವಯಸ್ಸಿನಲ್ಲಿ ನಾನು ಮನಸಾರೆ ನಂಬಿದ್ದೆ. ಮೂವತ್ತು ಹುಡುಗರನ್ನು ಒಂದು ನೋಟದಿಂದ ಸುಮ್ಮನಾಗಿಸಬಲ್ಲವನಿಗೆ ಒಂದು ಒದ್ದೆ ಸೀರೆ ಯಾವ ಲೆಕ್ಕ?

ನಾವಿದ್ದದ್ದು ನೇಕಾರರ ಓಣಿಯಲ್ಲಿ, ಒಂದೇ ಕೋಣೆಯ ಮನೆ. ಉದ್ದ ಎಂಟು ಮೊಳ. ನಾನು, ನನ್ನ ಹೆಂಡತಿ, ನಮ್ಮ ಅವ್ವ. ಅವ್ವನದು ಕಟ್ಟುನಿಟ್ಟಿನ ಮಡಿ. ಮುಂಜಾನೆ ಮಿಂದು, ಹಿಂದಿನ ದಿನ ಒಗೆದು ಯಾರೂ ಮುಟ್ಟದಂತೆ ಒಣಗಿಸಿದ ಸೀರೆಯನ್ನುಟ್ಟೇ ಅಡಿಗೆ, ಪೂಜೆ, ಊಟ. ಅವಳಿಗಿದ್ದವು ಎರಡೇ ಸೀರೆ. ಅಂಗಳವಿಲ್ಲ, ಮಾಳಿಗೆಯ ಮೇಲೆ ಪಕ್ಕದ ಮನೆಯವರ ಬಣ್ಣದ ನೂಲು. ಹೀಗಾಗಿ ಕೋಣೆಯ ನಡುವೆ ಒಂದು ಗಳ ಕಟ್ಟಿ, ಅವ್ವ ಕೋಲಿನಿಂದ ಸೀರೆಯನ್ನು ಅದರ ಮೇಲೆ ಹರವುತ್ತಿದ್ದಳು. ಹದಿನಾರು ಮೊಳದ ಸೀರೆ ಎರಡು ಮಡಿಕೆಯಾದರೆ ಎಂಟು ಮೊಳದಲ್ಲಿ ಸರಿಯಾಗಿ ಕೂಡುತ್ತದೆಂದು ಗಣಿತ ಹೇಳುತ್ತದೆ. ಆದರೆ ಗಣಿತಕ್ಕೆ ತಲೆಯಿಲ್ಲ. ನನಗಿತ್ತು, ಅದೂ ಓಣಿಯಲ್ಲೇ ಎಲ್ಲರಿಗಿಂತ ಎತ್ತರದಲ್ಲಿ.

ನನ್ನ ತಲೆ ತಾಗಿದರೆ ಸೀರೆ ಮೈಲಿಗೆ. ಅವ್ವ ಅದನ್ನು ಮತ್ತೆ ಒಗೆದು ಹಿಂಡಿ ಒದ್ದೆಯಲ್ಲೇ ಉಡಬೇಕು, ಇಲ್ಲವೆ ಒಣಗುವವರೆಗೆ ಉಪವಾಸವಿರಬೇಕು. ಶ್ರಾವಣದ ಜಿಟಿಜಿಟಿ ಮಳೆ ಹಿಡಿದ ಮೇಲೆ ಮೂರು ದಿನದಲ್ಲಿ ಮೂರು ಸಲ ಹೀಗಾಯಿತು. ಅವ್ವನಿಗೆ ಕೆಮ್ಮು ಶುರುವಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಬೈಯಲಿಲ್ಲ.

ಮನಸ್ಸು ತಡೆಯದೆ ಏಳು ನಿಯಮಗಳನ್ನು ಒಂದು ಕಾಗದದಲ್ಲಿ ದುಂಡಗಿನ ಅಕ್ಷರದಿಂದ ಬರೆದು ಗೋಡೆಗೆ ಅಂಟಿಸಿದೆ. ಗಳದ ಕೆಳಗೆ ಯಾರು ಎಷ್ಟು ಹೊತ್ತಿಗೆ ಹಾಯಬೇಕು, ಎಲ್ಲಿಂದ ಬಗ್ಗಬೇಕು, ಎಲ್ಲಿ ಏಳಬೇಕು ಎಂಬುದೆಲ್ಲ ಅದರಲ್ಲಿತ್ತು. ನೆಲದ ಮೇಲೆ ಸೀಮೆಸುಣ್ಣದ ಗೆರೆಯನ್ನೂ ಎಳೆದೆ. ನಾಲ್ಕನೆಯ ದಿನ ಅವ್ವ ಬಚ್ಚಲಲ್ಲಿ ಮೀಯುತ್ತಿರುವಾಗ, ಕೋಟು ತೊಟ್ಟು ರುಮಾಲು ಸುತ್ತಿ, ಹೆಂಡತಿಯನ್ನು ಎದುರಿಗೆ ಕೂಡ್ರಿಸಿ ನಿಯಮಗಳನ್ನು ಓದತೊಡಗಿದೆ. ಓದುವಾಗ ನೆಟ್ಟಗೆ ನಿಲ್ಲುವುದು ನನ್ನ ರೂಢಿ. ಬೆನ್ನು ಬಗ್ಗಿಸಿ ನಿಂತ ಹುಡುಗರಿಗೆ ಅದಕ್ಕಾಗಿ ಛಡಿ ಏಟು ಕೊಟ್ಟವನು ನಾನು. "ನಿಯಮ ಒಂದು" ಎಂದು ಎದೆಯೆತ್ತಿ ನಿಂತೆ. ರುಮಾಲು ಸೀರೆಯೊಳಗೆ ಹೊಕ್ಕು ನಿಂತಿತು.

ಹೆಂಡತಿ ಮೇಲೆ ನೋಡಿ, ಎರಡನೆಯ ನಿಯಮ ನಾಳೆ ಓದಬಹುದು ಎಂದಳು.

ಅವ್ವ ಆ ದಿನವೂ ಒದ್ದೆ ಸೀರೆಯಲ್ಲೇ ಒಲೆಯ ಮುಂದೆ ಕೂತಳು. ಅವಳ ಕೆಮ್ಮು ಕೇಳಿ ಪಕ್ಕದ ಮನೆಯ ಹುಸೇನಬಿ ಬಂದು ಬಾಗಿಲಾಚೆ ನಿಂತಳು. ಗಂಡ ನೇಯುವ ಸೀರೆಗಳಿಗೆ ನೂಲು ಸುತ್ತಿಕೊಡುವವಳು ಅವಳು. ಮಡಿಯ ಕಟ್ಟಳೆಗಳು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿದ್ದವು. ನೆಲದ ಗೆರೆ, ಗೋಡೆಯ ಕಾಗದ, ಗಳ, ಕೊನೆಗೆ ನನ್ನನ್ನು ಕಾಲಿನಿಂದ ರುಮಾಲಿನವರೆಗೆ ನಿಧಾನವಾಗಿ ನೋಡಿದಳು.

"ಅವ್ವಾರ, ಸೀರಿಗೆ ಜಾಗಾ ಹುಡುಕೂದು ಬಿಡ್ರಿ," ಎಂದಳು. "ಮುಂಜಾನೆದ್ದು ಮಾಸ್ತರನ್ನ ನಮ್ಮನಿ ಕಟ್ಟಿ ಮ್ಯಾಲ ಕೂಡಾಕ ಕಳಸ್ರಿ. ಅವರೊಬ್ಬರು ಹೊರಗ ಬಂದ್ರ ನಿಮ್ಮನಿ ದೊಡ್ಡ ವಾಡೆ ಆಕ್ಕೈತಿ."

ನಾನು ಅವ್ವನ ಮುಖ ನೋಡಿದೆ. ಮಗನ ಪಕ್ಷ ವಹಿಸಿ ಏನಾದರೂ ಅಂದಾಳೆಂಬ ಆಸೆಯಿತ್ತು.

"ಖರೇನ ಅದ," ಎಂದಳು ಅವ್ವ. "ಇಷ್ಟು ದಿನಾ ನಮಗ ಹೊಳೀಲೇ ಇಲ್ಲ ನೋಡು."

ಮರುದಿನ ಬೆಳಗಾಗುತ್ತಲೇ ನನ್ನನ್ನು ಹುಸೇನಬಿಯ ಕಟ್ಟೆಯ ಮೇಲೆ ಕೂಡ್ರಿಸಲಾಯಿತು. ಒಳಗೆ ಅವಳ ಗಂಡನ ಮಗ್ಗ ಕಟಕಟ ಎನ್ನುತ್ತಿತ್ತು. ಅವನು ಆಗಾಗ ಹೊರಗಿಣುಕಿ, ಮಾಸ್ತರ ಒಣಗಿದರೋ ಇಲ್ಲವೋ ಎಂದು ವಿಚಾರಿಸುತ್ತಿದ್ದ. ನಮ್ಮ ಮನೆಯಲ್ಲಿ ಅವ್ವ ಗರಿಗರಿಯಾದ ಸೀರೆಯುಟ್ಟು, ಹೊತ್ತಿಗೆ ಸರಿಯಾಗಿ ಉಂಡು, ಮನೆ ಎಷ್ಟು ದೊಡ್ಡದೆಂದು ಸೊಸೆಯ ಮುಂದೆ ಬೆರಗುಪಡುತ್ತಿದ್ದುದು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು. ನಮ್ಮ ಮನೆಯಲ್ಲಿ ಬಟ್ಟೆ ಒಣಗಲು ಅಡ್ಡಿಯಾಗಿದ್ದ ಏಕೈಕ ವಸ್ತುವನ್ನು ಹೊರಗಿಟ್ಟು, ಈ ವ್ಯವಹಾರ ಕೊನೆಗೂ ಬಗೆಹರಿದದ್ದು ೧೯೧೧ನೆಯ ಇಸವಿ ಆಗಸ್ಟ್ ತಿಂಗಳ ಹದಿನಾರನೆಯ ತಾರೀಖು, ಬುಧವಾರ.