ನರ್ಸಮ್ಮನಿಗಾಗಿ ಕೋರ್ಸ್ ನೋಡಲು ಹೋಗಿದ್ದು

ಜರ್ಮನ್ ಪಾಠ ಹೇಳಿದವಳು ಎಂದು ಊರಿಗೆ ಒಮ್ಮೆ ಗೊತ್ತಾದರೆ ಸಾಕು, ಇಂಥ ಪ್ರಸಂಗಗಳು ವಿಳಾಸ ಹುಡುಕಿಕೊಂಡು ಮನೆಗೇ ಬರುತ್ತವೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿ ಸಾಕಾಗಿ, ಚಿತ್ರದುರ್ಗಕ್ಕೆ ಬಂದು ಹಾಯಾಗಿದ್ದೆ. ಒಂದು ದಿನ ಬಬ್ಬೂರಿನಿಂದ ಒಬ್ಬ ನರ್ಸಮ್ಮ ಬಂದಳು. ಜರ್ಮನಿಯ ಆಸ್ಪತ್ರೆಯೊಂದು ಆಕೆಗೆ ಕೆಲಸ ಕೊಡಲು ಒಪ್ಪಿತ್ತು. ಬಿ-ಒನ್ ಎಂಬ ಭಾಷಾ ಪರೀಕ್ಷೆಯ ಸರ್ಟಿಫಿಕೇಟ್ ಮಾತ್ರ ಬಾಕಿ. ಓದುವುದು, ಬರೆಯುವುದು, ಕೇಳುವುದು ಮೂರರಲ್ಲೂ ಪಾಸಾಗಿದ್ದವಳು ಮಾತಾಡುವುದರಲ್ಲಿ ಎರಡು ಸಲ ಫೇಲು. ಆಸ್ಪತ್ರೆಯವರು ಇನ್ನು ಮೂರು ತಿಂಗಳಷ್ಟೇ ಕಾಯುತ್ತೇವೆ ಎಂದಿದ್ದರು.

“ಎಲ್ಲಾ ಕಡೆ ಕೋರ್ಸ್ ಅವೆ ಮೇಡಂ. ಯಾವ್ದು ಪಾಸ್ ಮಾಡಿಸ್ತೈತೆ ಅಂತ ನೀವೇ ನೋಡಿ ಹೇಳ್ರಿ. ಈ ಸಲ ಹೋದ್ರೆ ಕೆಲ್ಸಾನೂ ಹೋದಂಗೇ.”

ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಇಬ್ಬರೂ ಬಸ್ ಹತ್ತಿದೆವು.

ಹೊಳಲ್ಕೆರೆಯಲ್ಲಿ

ಕೋರ್ಸ್ ನೋಡಲು ಹೋಗುವುದೂ ಹೆಣ್ಣು ನೋಡಲು ಹೋಗುವುದೂ ನಮ್ಮ ಕಡೆ ಒಂದೇ ಎಂದು ಅಲ್ಲಿ ಗೊತ್ತಾಯಿತು.

“ಬರ್ರಿ ಮೇಡಂ, ಕುಂತ್ಕಳ್ರಿ,” ಎಂದು ಕೋರ್ಸ್ ನಡೆಸುವವರು ಮಂಡಕ್ಕಿ, ಮಿರ್ಚಿ ತರಿಸಿದರು. ಪಾಠ ನೋಡಬೇಕಿತ್ತು ಎಂದೆ. “ನೋಡಾಣ, ಮೊದ್ಲು ತಿನ್ರಿ,” ಎಂದರು. ತಿಂದದ್ದಾದ ಮೇಲೆ ಒಬ್ಬ ಹುಡುಗಿಯನ್ನು ಕರೆಸಿದರು. ಅವಳು ತಲೆ ತಗ್ಗಿಸಿ ಬಂದು ನಿಂತು, ತನ್ನ ಹೆಸರು, ಊರು, ಹವ್ಯಾಸ ಎಲ್ಲವನ್ನೂ ಜರ್ಮನ್‌ನಲ್ಲಿ ಉಸಿರು ಬಿಡದೆ ಒಪ್ಪಿಸಿದಳು. ಒಂದು ತಪ್ಪಿಲ್ಲ. ನನಗೆ ಖುಷಿಯಾಗಿ, “ಇವತ್ತು ಇಲ್ಲಿಗೆ ಹೇಗೆ ಬಂದೆ?” ಎಂದು ಜರ್ಮನ್‌ನಲ್ಲೇ ಕೇಳಿದೆ.

ಹುಡುಗಿ ಸ್ವಲ್ಪ ಯೋಚಿಸಿದಳು. ಆಮೇಲೆ ಹೆಸರಿನಿಂದ ಹಿಡಿದು ಹವ್ಯಾಸದವರೆಗೆ ಇನ್ನೊಮ್ಮೆ ಒಪ್ಪಿಸಿದಳು.

“ನೋಡಿದ್ರಾ ಮೇಡಂ,” ಎಂದು ಅವರು ಎದೆಯುಬ್ಬಿಸಿದರು. “ನೀವು ಏನ್ ಬೇಕಾದ್ರೂ ಕೇಳ್ರಿ, ಒಂದಕ್ಷರ ಹೆಚ್ಚುಕಮ್ಮಿ ಆಗಲ್ಲ!”

ಹೊಸದುರ್ಗದಲ್ಲಿ

ಇಲ್ಲಿ ಮಾತಾಡುವ ಪರೀಕ್ಷೆಯ ಅಭ್ಯಾಸವೇ ನಡೆದಿತ್ತು. ಈ ಪರೀಕ್ಷೆಯಲ್ಲಿ ಇಬ್ಬರು ಕೂತು ಒಂದು ಕಾರ್ಯಕ್ರಮದ ಯೋಜನೆ ಹಾಕಬೇಕು. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಒಪ್ಪದೆ, ಕಾರಣ ಕೊಟ್ಟು, ಬೇರೆ ದಾರಿ ಸೂಚಿಸಬೇಕು. ಮೂರು ನಿಮಿಷ ಹೀಗೆ ಎಳೆದಾಡಿದರೇ ಮಾರ್ಕ್ಸು.

ಶ್ರೀರಾಂಪುರದ ಒಬ್ಬ ಹುಡುಗ, ಅವನಿಗಿಂತ ದೊಡ್ಡವಳಾದ ಒಬ್ಬ ಹೆಂಗಸು ಎದುರುಬದುರು ಕೂತು ಜರ್ಮನ್‌ನಲ್ಲಿ ಶುರು ಮಾಡಿದರು.

“ಶನಿವಾರ ಪಾರ್ಟಿ ಮಾಡೋಣವೆ?”

“ಆಗಲಿ.”

“ನಮ್ಮ ಮನೆಯಲ್ಲಿ?”

“ಆಗಲಿ.”

ಪಾರ್ಟಿ ಹತ್ತು ಸೆಕೆಂಡಿನಲ್ಲಿ ಮುಗಿಯಿತು. ನನಗೆ ತಡೆಯಲಾಗಲಿಲ್ಲ. “ಲೇ, ಒಂದು ಸಲವಾದರೂ ಬೇಡ ಅನ್ನಪ್ಪ!” ಎಂದು ಹುಡುಗನನ್ನು ಎಬ್ಬಿಸಿದೆ. ಅವನು ಎದ್ದು ನಿಂತು, ಕೈ ಮುಗಿದು, ಕನ್ನಡದಲ್ಲಿ, “ಅಕ್ಕಾ, ಬೇಜಾರ್ ಮಾಡ್ಕಬ್ಯಾಡ್ರಿ, ಪರೀಕ್ಷೆಗೋಸ್ಕರ ಅಂತಿರೋದು,” ಎಂದು ಕ್ಷಮೆ ಕೇಳಿ, ಆಮೇಲೆ ಜರ್ಮನ್‌ನಲ್ಲಿ ಮೆತ್ತಗೆ “ಬೇಡ” ಎಂದ.

“ಅಯ್ಯೋ, ಪರವಾಗಿಲ್ಲ ಬಿಡಪ್ಪ,” ಎಂದಳು ಅಕ್ಕ. “ನೀನು ಹೇಳ್ದಂಗೇ ಆಗ್ಲಿ.”

ನನಗೆ ಅನುಮಾನ ಬಂತು. ಪಕ್ಕದಲ್ಲಿದ್ದ ನರ್ಸಮ್ಮನ ಕಡೆ ತಿರುಗಿ, “ನೀನೂ ಪರೀಕ್ಷೆಯಲ್ಲಿ ಎರಡು ಸಲ ‘ಆಗಲಿ’ ಅಂದೆಯಾ?” ಎಂದೆ.

“ಇಲ್ಲ ಮೇಡಂ,” ಎಂದು ಅವಳು ತಲೆ ತಗ್ಗಿಸಿದಳು. “ಆರು ಸಲ.”

ಹಿರಿಯೂರಿನಲ್ಲಿ

ಇಲ್ಲಿನ ಮಾದರಿ ಪರೀಕ್ಷೆಯಲ್ಲಿ ಎಲ್ಲರಿಗೂ ಪೂರ್ತಿ ಮಾರ್ಕ್ಸು. ಯಾಕೆಂದು ಐದೇ ನಿಮಿಷದಲ್ಲಿ ತಿಳಿಯಿತು. ಮಾತಾಡುವವರು ತಡವರಿಸಿದ ತಕ್ಷಣ ಹಿಂದಿನ ಬೆಂಚು ಹೇಳಿಕೊಡುತ್ತಿತ್ತು. ಬೆಂಚಿಗೆ ಗೊತ್ತಿಲ್ಲದಿದ್ದರೆ ಪರೀಕ್ಷೆ ಮಾಡುವ ಮೇಷ್ಟ್ರೇ ಹೇಳಿಕೊಡುತ್ತಿದ್ದರು.

“ಏನ್ ಮೇಷ್ಟ್ರೇ ಇದು?” ಎಂದೆ.

“ಹುಡುಗ್ರು ಒದ್ದಾಡೋದು ನೋಡ್ಕಂಡು ಸುಮ್ನಿರಾಕೆ ಮನಸ್ಸು ಬರಲ್ಲ ಮೇಡಂ.”

ಯಾರೂ ತುಟಿ ಬಿಚ್ಚಬಾರದು ಎಂದು ನಾನು ಗದರಿದೆ. ಮುಂದಿನ ಹುಡುಗ ಎರಡನೇ ವಾಕ್ಯಕ್ಕೇ ನಿಂತ. ಇಡೀ ಕೋಣೆ ಬಾಯಿ ಬಿಗಿಹಿಡಿದು ಕೂತಿತ್ತು. ಆಗ ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಹೆಂಗಸು ಉಳಿದರ್ಧ ವಾಕ್ಯವನ್ನು ಜರ್ಮನ್‌ನಲ್ಲಿ ಸರಿಯಾಗಿ ಮುಗಿಸಿ, “ದಿನಾ ಕೇಳ್ತೀನಲ್ರಿ,” ಎಂದು ಲೋಟ ಹಂಚತೊಡಗಿದಳು.

ಈ ಕೋರ್ಸಿನಿಂದ ಪರೀಕ್ಷೆಗೆ ತಯಾರಾದವರು ಒಬ್ಬರಿದ್ದಾರೆ ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡೆ.

ಬಬ್ಬೂರಿನಲ್ಲಿ

ಮೂರೂ ಕಡೆ ನೋಡಿ ನನಗೆ ನಿಜವಾಗಿಯೂ ಬೇಸರವಾಗಿತ್ತು. ನರ್ಸಮ್ಮನಿಗೆ ಏನು ಹೇಳಲಿ ಎಂದು ತಿಳಿಯದೆ ಅವಳ ಮನೆಯಲ್ಲಿ ಊಟಕ್ಕೆ ಕೂತೆ. ಅವಳ ಅವ್ವ ಮುದ್ದೆ ಹಿಡಿದು ಮಗಳ ತಟ್ಟೆಯ ಬಳಿ ಬಂದರು.

“ಇನ್ನೊಂದು ಹಾಕ್ಲೇನೇ?”

“ಬ್ಯಾಡವ್ವ, ಮಧ್ಯಾಹ್ನ ಡ್ಯೂಟಿ ಐತೆ, ನಿದ್ದೆ ಬರ್ತೈತೆ.”

“ಅರ್ಧ?”

“ಅರ್ಧಾನೂ ಬ್ಯಾಡ. ಒಂದ್ ಕೆಲ್ಸ ಮಾಡು, ಅದ್ನ ಎತ್ತಿಡು, ಬಂದ್ಮೇಲೆ ತಿಂತೀನಿ.”

ನಾನು ತುತ್ತು ಕೆಳಗಿಟ್ಟೆ. ಒಪ್ಪಲಿಲ್ಲ, ಕಾರಣ ಕೊಟ್ಟಳು, ಬೇರೆ ದಾರಿಯನ್ನೂ ಹೇಳಿದಳು! ಆರು ಸಲ ‘ಆಗಲಿ’ ಎಂದವಳು ಇವಳೇನಾ? “ಇದನ್ನೇ ಜರ್ಮನ್‌ನಲ್ಲಿ ಹೇಳೇ!” ಎಂದು ಕೂಗಿದೆ.

ಅವತ್ತಿನಿಂದ ಅದೇ ಕೋರ್ಸು. ಅವ್ವ ಬಡಿಸಲು ಬರುವುದು, ಮಗಳು ಜರ್ಮನ್‌ನಲ್ಲಿ ತಡೆಯುವುದು, ವಾರಕ್ಕೆರಡು ಸಲ ನಾನು ಬಸ್ ಹತ್ತಿ ಹೋಗಿ ತಿದ್ದುವುದು.

“ಅದೇನಂತಾಳೆ ಮೇಡಂ?” ಎಂದು ಅವ್ವ ನನ್ನನ್ನು ಕೇಳುತ್ತಿದ್ದರು.

“ಹೊಟ್ಟೆ ತುಂಬಿದೆ, ಬೇಡ ಅಂತಾಳೆ.”

“ಇವ್ಳು ಯಾವ ಭಾಷೇಲಂದ್ರೂ ಅದು ಸುಳ್ಳೇ,” ಎಂದು ಮುದ್ದೆ ಹಾಕಿಬಿಡುತ್ತಿದ್ದರು. ಎರಡು ತಿಂಗಳಲ್ಲಿ ಹುಡುಗಿಯ ಜರ್ಮನ್ ಸುಧಾರಿಸಿತು, ಮೂರು ಕೆಜಿ ತೂಕವೂ ಏರಿತು.

ಪರೀಕ್ಷೆ

ಬೆಂಗಳೂರಿನಲ್ಲಿ ಅವಳಿಗೆ ಜೋಡಿಯಾಗಿ ಸಿಕ್ಕವನು ಗುರುತಿಲ್ಲದ ಒಬ್ಬ ಹುಡುಗ. ಆಸ್ಪತ್ರೆಯಲ್ಲಿರುವ ಸಹೋದ್ಯೋಗಿಯನ್ನು ನೋಡಲು ಹೋಗುವ ಯೋಜನೆ ಹಾಕಬೇಕಿತ್ತು. ಅವನು ಸಂಜೆ ಏಳಕ್ಕೆ ಹೋಗೋಣ ಎಂದ. ಆ ಹೊತ್ತಿಗೆ ಬಿಡುವುದಿಲ್ಲ, ನಾಲ್ಕಕ್ಕೆ ಹೋಗೋಣ ಎಂದಳು. ಹೂವು ಎಂದ. ವಾರ್ಡಿನೊಳಗೆ ಬೇಡ, ಪುಸ್ತಕ ಒಯ್ಯೋಣ ಎಂದಳು. ಕೇಕ್ ಎಂದ. ರೋಗಿಗೆ ಸಕ್ಕರೆ ಕಾಯಿಲೆ ಇದ್ದರೆ? ಟೈಮ್ ಮುಗಿಯಿತು ಎಂದು ಪರೀಕ್ಷಕಿ ಕೈ ಎತ್ತಿದಾಗ ಆ ಹುಡುಗ ಬೆವರೊರೆಸಿಕೊಂಡು, “ಆಗಲಿ, ನೀವು ಹೇಳಿದ ಹಾಗೇ ಆಗಲಿ,” ಎಂದನಂತೆ.

ಪಾಸಾದಳು! ಫೋನಿನಲ್ಲಿ ಆ ಮಾತು ಕೇಳಿ ನಾನು ಅತ್ತೇಬಿಟ್ಟೆ.

ವಾರದೊಳಗೆ ಮೂರೂ ಊರುಗಳಲ್ಲಿ ಅವಳ ಫೋಟೋ ಇರುವ ಫ್ಲೆಕ್ಸ್ ಎದ್ದವು. ‘ನಮ್ಮಲ್ಲಿ ತಯಾರಾದ ಹೆಮ್ಮೆಯ ವಿದ್ಯಾರ್ಥಿನಿ’ ಎಂದು ಮೂವರೂ ಹಾಕಿಸಿದ್ದರು. ಅವ್ವ ಕೆರಳಿ ಕೆಂಡವಾಗಿದ್ದರು. “ಮುದ್ದೆ ತಿರುವ್ದೋಳು ನಾನು, ಫ್ಲೆಕ್ಸ್ ಅವ್ರದಾ?”

ಸಮಾಧಾನ ಹೇಳಲು ಹೋದ ನನ್ನನ್ನು ಊಟಕ್ಕೆ ಕೂರಿಸಿದರು. ಒಂದು ಮುದ್ದೆ ಮುಗಿಯುತ್ತಲೇ ಇನ್ನೊಂದು ಹಿಡಿದು ಬಂದರು. ನಾನು ಬೇಡ ಎಂದೆ. ಕಾರಣ ಕೊಟ್ಟೆ. ಬೇರೆ ದಾರಿ ಹೇಳಿದೆ. ಕನ್ನಡದಲ್ಲಿ ಆಗದಿದ್ದಾಗ ಜರ್ಮನ್‌ನಲ್ಲೂ ಹೇಳಿದೆ. ಮುದ್ದೆ ತಟ್ಟೆಗೆ ಬಿತ್ತು.

“ಇಷ್ಟೇನಾ ಮೇಡಂ?” ಎಂದು ಅವ್ವ ಸಾರು ಸುರಿದರು. “ನಿಮಗಿಂತ ನಮ್ ಹುಡುಗೀನೇ ವಾಸಿ.”