ಬೂಟು ಹಾಕಿಕೊಂಡ ಇಂಗ್ಲಿಷ್

ಎಲ್ಲರಿಗೂ ಭಾಷೆ ಇರುವುದು ನಾಲಿಗೆಯಲ್ಲಿ. ನಮ್ಮ ಕಾಕಾ ಅವರಿಗೆ ಮಾತ್ರ ಇಂಗ್ಲಿಷ್ ಇದ್ದದ್ದು ಕಾಲಿನಲ್ಲಿ. ನಗಬೇಡಿ, ಕಣ್ಣಾರೆ ಕಂಡವಳು ಹೇಳುತ್ತಿದ್ದೇನೆ. ಬರಿಗಾಲಲ್ಲಿದ್ದಾಗ ಅವರನ್ನು ಹಿಡಿದು ಹುಣಸೆ ಮರ ಅಲುಗಿಸಿದ ಹಾಗೆ ಅಲುಗಿಸಿದರೂ ಒಂದು ‘ಯಸ್’ ಉದುರುತ್ತಿರಲಿಲ್ಲ. ಅದೇ ಕಾಲಿಗೆ ಬೂಟು ಬಿತ್ತೋ, ಮುಗಿಯಿತು! ಎದುರಿಗಿದ್ದವರು ಕೈಕಟ್ಟಿ ನಿಲ್ಲುವುದೊಂದೇ ಬಾಕಿ.

ಅವರ ಹೆಸರು ಮಾತ್ರ ಕೇಳಬೇಡಿ. ಅವರು ನನ್ನ ಮಾವನವರ ತಮ್ಮ. ಸೊಸೆಯಾದವಳು ಹಿರಿಯರ ಹೆಸರು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ಯಜಮಾನರು ಕಾಕಾ ಅನ್ನುತ್ತಿದ್ದರು, ನಾನೂ ಕಾಕಾ ಅಂದೆ. ಕಮಲಾಪುರದ ಜನ ‘ಇಂಗ್ಲಿಷ್ ಕಾಕಾ’ ಅಂದರು.

ಅದು ನಿಜಾಮರ ಕಾಲ. ಶಾಲೆ, ಕಚೇರಿ, ಕೋರ್ಟು ಎಲ್ಲ ಉರ್ದು, ಮನೆಯೊಳಗೆ ಕನ್ನಡ. ಇಂಗ್ಲಿಷ್ ಎಂಬುದು ರೈಲಿನ ಮೊದಲ ದರ್ಜೆಯ ಡಬ್ಬಿ ಇದ್ದ ಹಾಗೆ, ಇದೆ ಎಂದು ಎಲ್ಲರಿಗೂ ಗೊತ್ತು, ಒಳಗೆ ಹೋಗಿ ಕೂತವರಿಲ್ಲ. ಕಾಕಾ ಕೂತಿದ್ದರು. ಹರೆಯದಲ್ಲಿ ಅವರು ಸಿಕಂದರಾಬಾದಿನಲ್ಲಿ ಕಣ್ಣು ಮಂಜಾದ ಒಬ್ಬ ಮುದಿ ಕರ್ನಲ್ ಸಾಹೇಬರ ಬಳಿ ಕೆಲಸಕ್ಕಿದ್ದರಂತೆ. ಸಾಹೇಬರ ಕೈ ಹಿಡಿದು ತೋಟದಲ್ಲಿ ಅಡ್ಡಾಡಿಸುವುದೇ ಕೆಲಸ. ಮಾತಿಗೆ ಬೇರೆ ಜನವಿಲ್ಲದ ಸಾಹೇಬರು ಇವರಿಗೇ ಇಂಗ್ಲಿಷ್ ಕಲಿಸಿದರು, ಅದೂ ತಮ್ಮ ಅಜ್ಜ ಆಡುತ್ತಿದ್ದ ಇಂಗ್ಲಿಷ್. ಕಲಿಸುವಾಗ ಒಂದು ಷರತ್ತು ಹಾಕಿದರು. ಮರ್ಯಾದಸ್ಥನು ಬರಿಗಾಲಲ್ಲಿ ಇಂಗ್ಲಿಷ್ ಆಡಕೂಡದು. ಸಾಯುವ ಮುಂಚೆ ತಮ್ಮ ಬೂಟುಗಳನ್ನೇ ಕೊಟ್ಟು ಹೋದರು. ಕಾಕಾ ಆ ಬೂಟು ತೊಟ್ಟು, ಆ ಮಾತು ಹೊತ್ತು ಕಮಲಾಪುರಕ್ಕೆ ಬಂದು ಬಾಳೆ ತೋಟ ಮಾಡಿಕೊಂಡಿದ್ದರು.

ಆದರೆ ನಮ್ಮದು ಚರ್ಮದ ಚಪ್ಪಲಿಯನ್ನು ಹೊಸ್ತಿಲು ದಾಟಿಸದ ಮನೆ. ನಮ್ಮ ಅತ್ತೆಯವರಂತೂ ಬೂಟಿನ ವಾಸನೆ ಒಳಗೆ ಬಂದರೂ ವಿಭೂತಿ ಗಟ್ಟಿ ಕೈಗೆತ್ತಿಕೊಳ್ಳುವವರು. ಹೀಗಾಗಿ ಬೂಟುಗಳು ಅಂಗಳದ ಗೋಡೆಯ ಗೂಡಿನಲ್ಲಿ ವಾಸವಾಗಿದ್ದವು. ಬೂಟಿಗೆ ಪ್ರವೇಶವಿಲ್ಲ ಎಂದ ಮೇಲೆ ಇಂಗ್ಲಿಷಿಗೂ ಇಲ್ಲ ತಾನೇ? ಕಾಕಾ ಅವರ ಇಂಗ್ಲಿಷ್ ಅಂಗಳದಲ್ಲೇ ಹುಟ್ಟಿ ಅಂಗಳದಲ್ಲೇ ಮುಗಿಯುತ್ತಿತ್ತು.

ನಾನು ಮದುವೆಯಾಗಿ ಬಂದ ದಿನ ಅವರು ಬೂಟು ತೊಟ್ಟು ಬಾಗಿಲ ಪಕ್ಕ ನಿಂತಿದ್ದರು. ನನ್ನ ಕಡೆ ತಲೆಬಾಗಿಸಿ, “ಪ್ರೇ, ಡು ಸ್ಟೆಪ್ ಇನ್, ಮೈ ಡಿಯರ್ ಚೈಲ್ಡ್” ಅಂದರು. ನಾನು ಮಂತ್ರವೆಂದು ತಿಳಿದು ಕೈಮುಗಿದು ನಿಂತೇ ಇದ್ದೆ. ಹಿಂದಿನಿಂದ ಅತ್ತೆಯವರು ಮೆಲ್ಲಗೆ ತಳ್ಳಿದರು.

“ಒಳಗ ಬಾ ಅನ್ನಾಕತ್ತಾನವ್ವ. ತಾನು ಮಾತ್ರ ಬರಂಗಿಲ್ಲ, ಬೂಟು ಹಾಕ್ಕೊಂಡಾನ.”

ಎಲ್ಲರನ್ನೂ ಇಷ್ಟು ಗೌರವದಿಂದ ಒಳಗೆ ಕರೆದು ತಾನು ಹೊರಗೇ ಉಳಿಯುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಊರಿನವರಿಗೆ ಅವರ ಇಂಗ್ಲಿಷ್ ಅರ್ಥವಾಗಬೇಕೆಂದೇನೂ ಇರಲಿಲ್ಲ, ಕಿವಿಗೆ ಬಿದ್ದರೆ ಸಾಕಿತ್ತು. ಕೂಸು ಹುಟ್ಟಿದವರು ಅದನ್ನು ಎತ್ತಿಕೊಂಡು ಬರುತ್ತಿದ್ದರು. “ಕಾಕಾರ, ಇದರ ಕಿವ್ಯಾಗ ಎರಡು ಮಾತು ಹಾಕ್ರಿ, ಶಾಣ್ಯಾ ಆಗ್ಲಿ.” ಕಾಕಾ ಗೂಡಿನಿಂದ ಬೂಟು ಇಳಿಸಿ, ಧೂಳು ಒರೆಸಿ, ಹಾಕಿಕೊಂಡು, ಲಾಡಿ ಕಟ್ಟಿ, ಕೂಸಿನ ಮೇಲೆ ಬಾಗಿ, “ಐ ಹ್ಯಾವ್ ದಿ ಆನರ್ ಟು ಮೇಕ್ ಯುವರ್ ಅಕ್ವೇಂಟೆನ್ಸ್, ಸರ್” ಅನ್ನುವರು. ಅಳುತ್ತಿದ್ದ ಕೂಸು ಗಪ್ಪನೆ ಸುಮ್ಮನಾಗುತ್ತಿತ್ತು! ತಮ್ಮ ಪರಿಚಯದ ಗೌರವ ದೊರೆಯಿತು ಸ್ವಾಮಿ ಅಂತ ಅದರರ್ಥ. ಹುಟ್ಟಿ ಹನ್ನೆರಡು ದಿನವಾದವನಿಗೆ ಅಷ್ಟು ಮರ್ಯಾದೆ ಯಾರು ಕೊಟ್ಟಾರು?

ಆದರೆ ತೋಟದಲ್ಲಿ ಅವರು ಬರೀ ರೈತ. ಕೆಂಪು ಬಾಳೆಯ ಗೊನೆ ಕೊಯ್ಯುವಾಗ ಒಬ್ಬಾತ, “ಕಾಕಾರ, ಬಾಳಿಹಣ್ಣಿಗೆ ಇಂಗ್ಲಿಷಿನ್ಯಾಗ ಏನಂತಾರ್ರಿ?” ಎಂದು ಕೇಳಿದ. ಕಾಕಾ ತಮ್ಮ ಕೆಸರುಗಾಲು ನೋಡಿಕೊಂಡು, “ಬೂಟು ಮನ್ಯಾಗದ. ಸಂಜೀಕ ಬಾ” ಅಂದರು. ಆತ ಸಂಜೆ ಬಂದ ಕೂಡ!

ನನ್ನ ತವರು ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿ. ನನ್ನ ಅಣ್ಣ ಸೊಲ್ಲಾಪುರದಲ್ಲಿ ಬಿ.ಎ. ಓದಿ ಬಂದವನು, ಇಂಗ್ಲಿಷಿನಲ್ಲಿ ಅವನಿಗೂ ಸ್ವಲ್ಪ ಸೊಕ್ಕಿತ್ತು. ನನ್ನನ್ನು ತವರಿಗೆ ಬಿಡಲು ಬಂದ ಕಾಕಾ ಚೀಲದಿಂದ ಬೂಟು ತೆಗೆದು ತೊಟ್ಟು, “ಐ ಶಲ್ ವೇಟ್ ಅಪಾನ್ ಯು ಟುಮಾರೋ ಮಾರ್ನಿಂಗ್, ಸರ್” ಎಂದು ಹೇಳಿ ತಮ್ಮ ಗೆಳೆಯರ ಮನೆಗೆ ಮಲಗಲು ಹೋದರು. ಅಣ್ಣ ಕಂಗಾಲಾದ. ಬೀಗರ ಮನೆಯ ಹಿರಿಯರು ಬೆಳಗ್ಗೆ ಬಂದು ತನಗಾಗಿ ಕಾಯುತ್ತ ನಿಲ್ಲುವುದೆಂದರೇನು? ಕೋಳಿ ಕೂಗುವ ಮುಂಚೆ ಎದ್ದು ಸ್ನಾನ ಮಾಡಿ, ಹೊಸ ಧೋತರ ಉಟ್ಟು ಬಾಗಿಲಲ್ಲಿ ನಿಂತ. ಬಿಸಿಲು ಏರಿತು. ಕಾಕಾ ನಾಷ್ಟಾ ಮುಗಿಸಿ, ವೀಳ್ಯ ಜಗಿಯುತ್ತ ಆರಾಮಾಗಿ ಬಂದರು.

“ಕಾಯ್ತೀನಿ ಅಂದ್ರಿ, ಕಾಯ್ದಾಂವ ನಾನಾದೆ” ಅಂದ ಅಣ್ಣ.

“ಭೆಟ್ಟಿಗಿ ಬರ್ತೀನಿ ಅಂದಿದ್ನೆಪ್ಪ” ಅಂದರು ಕಾಕಾ. “ನಿಮ್ಮ ಕಾಲೇಜಿನ್ಯಾಗ ಇಷ್ಟೂ ಕಲಿಸಂಗಿಲ್ಲೇನು?”

ಅಣ್ಣ ದಪ್ಪ ಡಿಕ್ಷನರಿ ತೆಗೆದು ನೋಡಿದ. ಕಾಕಾ ಹೇಳಿದ ಅರ್ಥ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. “ತಂಗಿ, ನಿಮ್ಮ ಕಾಕಾ ಅವರ ಇಂಗ್ಲಿಷ್ ಈಗ ಇಂಗ್ಲೆಂಡಿನ್ಯಾಗೂ ಸಿಗಂಗಿಲ್ಲ” ಅಂದ. ಅವತ್ತಿನಿಂದ ಅವನು ಕಾಕಾ ಮುಂದೆ ಕನ್ನಡ ಬಿಟ್ಟು ಬೇರೆ ಆಡಲಿಲ್ಲ.

ಕಾಕಾ ಅವರ ಇಂಗ್ಲಿಷಿಗೆ ಮಣಿಯದವರು ಊರಿನಲ್ಲಿ ಒಬ್ಬರೇ. ಉರ್ದು ಶಾಲೆಯ ಮಾಸ್ತರರು, ನಾವೆಲ್ಲ ಉಸ್ತಾದರು ಅನ್ನುತ್ತಿದ್ದೆವು. ದಿನಾ ಸಂಜೆ ನಮ್ಮ ಅಂಗಳದ ಬೇವಿನ ಕಟ್ಟೆಗೆ ಬಂದು ಕೂರುವರು, ಕಾಕಾ ಜೊತೆ ಜಗಳವಾಡದೆ ಅವರಿಗೆ ಊಟ ಸೇರುತ್ತಿರಲಿಲ್ಲ.

“ಏನ್ ಜಬಾನ್ರೀ ನಿಮ್ದು, ಬೂಟಿಲ್ದ ನಡಿಯಂಗಿಲ್ಲ. ನಮ್ಮ ಉರ್ದು ನೋಡ್ರಿ, ಅದಬ್, ಮರ್ಯಾದಿ, ಒಂದಿದ್ರ ಸಾಕು” ಅನ್ನುವರು ಉಸ್ತಾದರು.

“ಅದಬ್ ಏನು ಕಾಲಿಲ್ದ ನಡೀತದೇನ್ರಿ?” ಎಂದು ಕಾಕಾ ಬೂಟಿನ ಲಾಡಿ ಬಿಗಿಯುವರು.

“ಸತ್ತರೂ ನಿಮ್ಮ ಆ ಬೂಟು ಮುಟ್ಟಂಗಿಲ್ಲ ನಾನು.”

“ಮುಟ್ಟಬ್ಯಾಡ್ರಿ. ಕರ್ನಲ್ ಸಾಹೇಬರು ಬ್ಯಾಸರ ಮಾಡ್ಕೋತಾರ.”

ಆಮೇಲೆ ಆ ಕೆಟ್ಟ ವರ್ಷ ಬಂತು. ಕೋಲು, ಬಂದೂಕು ಹಿಡಿದ ನಿಜಾಮರ ಕಡೆಯ ಗುಂಪುಗಳು ಊರೂರು ನುಗ್ಗುತ್ತಿದ್ದವು. ನಮ್ಮೂರಿಗೂ ಬಂದವು. ಉಸ್ತಾದರು ತಮ್ಮ ಶಾಲೆಯ ಕುರ್ಚಿ ತಂದು ನಮ್ಮ ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತರು. ಗುಂಪಿನವರು ಏನೋ ಗದರಿದರು. ಇವರು ಏಳಲಿಲ್ಲ. “ಈ ಮನೀಗ್ ಹೋಗಬೇಕಂದ್ರ ನನ್ನ ದಾಟಿ ಹೋಗ್ರಿ” ಅಂದರಂತೆ. ಹೆಂಗಸರೆಲ್ಲ ಒಳಗೆ ಉಸಿರು ಹಿಡಿದು ಕೂತಿದ್ದೆವು. ಗುಂಪು ಮುಂದೆ ಹೋಯಿತು. ಮರುದಿನ ಸಂಜೆ ಕಟ್ಟೆಯ ಮೇಲೆ ಮತ್ತೆ ಅದೇ ಬೂಟಿನ ಜಗಳ, ಏನೂ ಆಗಿಲ್ಲವೆಂಬಂತೆ.

ಪೊಲೀಸ್ ಆ್ಯಕ್ಷನ್ ಆಯಿತು. ಭಾರತದ ಫೌಜು ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಊರೆಲ್ಲ ಹಬ್ಬ, ನಾನೂ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದೆ. ಆದರೆ ಹಾವಳಿ ಮಾಡಿದವರು ಆಗಲೇ ಪರಾರಿ. ಯಾರೋ ಹಳೆಯ ದ್ವೇಷಕ್ಕೆ, ಇವರೂ ಆ ಗುಂಪಿನವರೇ ಎಂದು ಉಸ್ತಾದರ ಕಡೆ ಬೆರಳು ತೋರಿಸಿದ್ದರು. ಸಂತೆ ಮೈದಾನದಲ್ಲಿ ಲಾರಿ ನಿಂತಿದೆ, ಅವರನ್ನು ಹತ್ತಿಸಿ ಒಯ್ಯುತ್ತಾರೆ ಎಂದು ಅವರ ಹೆಂಡತಿ ಅಳುತ್ತ ನಮ್ಮ ಬಾಗಿಲಿಗೆ ಬಂದರು. ಹಾಗೆ ಹೋದವರು ತಿರುಗಿ ಬರುತ್ತಾರೋ ಇಲ್ಲವೋ ಆ ದಿನಗಳಲ್ಲಿ ಹೇಳುವಂತಿರಲಿಲ್ಲ. ಬಂದ ಆಫೀಸರು ದೂರದ ಸೀಮೆಯವನು, ಕನ್ನಡ ಬಾರದು. ಉರ್ದುವಿನಲ್ಲಿ ಬಾಯಿ ಬಿಡಲು ಅವತ್ತು ಎಲ್ಲರಿಗೂ ಅಂಜಿಕೆ.

ಅತ್ತೆಯವರು ಗೂಡಿನಿಂದ ಬೂಟುಗಳನ್ನು ತಾವೇ ತೆಗೆದು ನನ್ನ ಕೈಗಿಟ್ಟರು. “ತ್ವಾಟಕ್ಕ ಓಡು. ನನ್ನ ಮೈದುನಗ ಕೊಡು.”

ಬೂಟನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿದೆ. ಅರ್ಧ ದಾರಿಯಲ್ಲೇ ಕಾಕಾ ಎದುರಾದರು, ಮೊಣಕಾಲವರೆಗೆ ಕೆಸರು. ಅವರಿಗೆ ಸುದ್ದಿ ಮುಟ್ಟಿತ್ತು.

“ಕಾಕಾರ, ಬೂಟು ರೀ, ಬೂಟು!”

ನಿಲ್ಲಲಿಲ್ಲ. ನನ್ನನ್ನು ದಾಟಿಕೊಂಡು ಓಡಿದರು. ಹಿಂದೆ ನಾನು.

ಮೈದಾನದಲ್ಲಿ ಉಸ್ತಾದರು ಲಾರಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದರು. ಕಾಕಾ ನೇರ ಆಫೀಸರ ಮುಂದೆ ಹೋಗಿ ನಿಂತರು. ಅವರು ಬರಿಗಾಲಲ್ಲಿ ಇಂಗ್ಲಿಷ್ ಆಡಿದ್ದನ್ನು ಕಮಲಾಪುರ ಮೊದಲ ಸಲ ಕೇಳಿತು. ಆ ಮಾತುಗಳನ್ನು ಆಮೇಲೆ ಅವರಿಂದಲೇ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೇನೆ.

“ಐ ಹಂಬ್ಲಿ ಬೆಗ್ ಟು ಸಬ್ಮಿಟ್, ಸರ್, ದಟ್ ಎ ಮೋಸ್ಟ್ ಗ್ರೀವಸ್ ಎರರ್ ಈಸ್ ಅಬೌಟ್ ಟು ಬಿ ಕಮಿಟೆಡ್.” ಬಹು ಘೋರವಾದ ತಪ್ಪೊಂದು ನಡೆಯಲಿದೆ ಎಂದು ವಿನಯದಿಂದ ಅರಿಕೆ ಮಾಡುತ್ತೇನೆ ಅಂತ.

ಆಫೀಸರು ಇಪ್ಪತ್ತರ ಆಸುಪಾಸಿನ ಹುಡುಗ. ಕಣ್ಣು ಪಿಳಿಪಿಳಿ ಬಿಟ್ಟ. “ವಾಟ್, ಬಾಬಾ?” ಅಂದ. ಅವನ ನೋಟ ಕಾಕಾ ಅವರ ಕಾಲಿಗಿಳಿಯಿತು. ಕಾಕಾನೂ ಕೆಳಗೆ ನೋಡಿಕೊಂಡರು. ಆಗಲೇ ಅವರಿಗೆ ತಾವು ಬರಿಗಾಲಲ್ಲಿರುವುದು ಗೊತ್ತಾಗಿದ್ದು. ಮುಖ ಬಿಳಿಚಿತು. ಸಾಹೇಬರ ಅಜ್ಜನ ದೊಡ್ಡ ದೊಡ್ಡ ಮಾತೆಲ್ಲ ಎತ್ತ ಹೋದವೋ!

“ಐ ಬೆಗ್ ಯುವರ್ ಪಾರ್ಡನ್, ಸರ್” ಅಂದರು. “ಐ ಹ್ಯಾವ್ ಕಮ್ ವಿದೌಟ್ ಮೈ ಬೂಟ್ಸ್. ಹಿ ಈಸ್ ಮೈ ಬ್ರದರ್.”

ಇದು ಅವನಿಗೆ ತಿಳಿಯಿತು. ಕಾಕಾ ಹಣೆಯ ವಿಭೂತಿ ನೋಡಿದ, ಉಸ್ತಾದರ ಟೋಪಿ ನೋಡಿದ. “ಬ್ರದರ್?”

“ಅಪಾನ್ ಮೈ ಆನರ್, ಸರ್.”

ಆಮೇಲೆ ಕಾಕಾ ನಮ್ಮ ಬಾಗಿಲ ಕುರ್ಚಿಯ ಕಥೆಯನ್ನು ಸಣ್ಣ ಸಣ್ಣ ಮಾತಿನಲ್ಲಿ ಹೇಳಿದರು. ಅಲ್ಲಿಯವರೆಗೆ ಅಂಜಿ ನಿಂತಿದ್ದ ಜನ ಒಬ್ಬೊಬ್ಬರಾಗಿ ಮುಂದೆ ಬಂದರು. ಕೂಸಿನ ಕಿವಿಗೆ ಇಂಗ್ಲಿಷ್ ಹಾಕಿಸಿಕೊಂಡವರು, ಬಾಳೆಹಣ್ಣಿನ ಹೆಸರು ಕೇಳಿದವರು, ಎಲ್ಲ. “ಖರೇನ ರೀ ಸಾಹೇಬರ, ನಾವೂ ನೋಡೀವಿ” ಅಂದರು. ಅದನ್ನೂ ಕಾಕಾ ಇಂಗ್ಲಿಷಿನಲ್ಲಿ ತಿಳಿಸಿದರು. ಕೊನೆಗೆ ಆಫೀಸರು ಸಿಪಾಯಿಗೆ ಕೈ ಮಾಡಿದ, ಉಸ್ತಾದರನ್ನು ಬಿಟ್ಟರು.

ನಾನು ಬೂಟು ಮುಂದೆ ಹಿಡಿದೆ. ಕಾಕಾ, “ಬ್ಯಾಡವ್ವ. ಇನ್ನ ಕನ್ನಡ ಮಾತಾಡ್ತೀನಿ” ಅಂದರು. ಆ ಬೂಟುಗಳನ್ನು ನನ್ನ ಕೈಯಿಂದ ಉಸ್ತಾದರು ಇಸಿದುಕೊಂಡರು. ಎದೆಗವಚಿಕೊಂಡು ಮನೆಯವರೆಗೆ ನಡೆದು ಬಂದರು. ಹಿಂದೆ ಬರುತ್ತಿದ್ದ ನನಗೆ ಅಳು ತಡೆಯಲಾಗಲಿಲ್ಲ.

ಅಂಗಳಕ್ಕೆ ಬಂದು ಉಸ್ತಾದರು ಗೂಡಿನ ಕಡೆ ತಿರುಗಿದರು. ಹೊಸ್ತಿಲಲ್ಲಿ ನಿಂತಿದ್ದ ಅತ್ತೆಯವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

“ಅಲ್ಲಿಡಬ್ಯಾಡ್ರಿ, ಉಸ್ತಾದರ. ಒಳಗ ಬರ್ರಿ. ಅವನ್ನೂ ಒಳಗ ತರ್ರಿ.”